ಒಂದೇ ಶಾಸನಕ್ಕೆ ಎರಡು ತಿಥಿ: ತಂತ್ರಾಂಶದ ಲೆಕ್ಕ ಎಲ್ಲಿ ಕವಲೊಡೆಯುತ್ತದೆ?

ಶಾಸನದ ಕಾಲೋಲ್ಲೇಖ ಪರಿಶೀಲಿಸುವಾಗ ನಾವು ಮೊದಲು ನೋಡುವುದು ತಿಥಿಗೂ ವಾರಕ್ಕೂ ಹೊಂದಾಣಿಕೆ ಇದೆಯಾ ಅಂತ. ಹೊಂದದಿದ್ದರೆ ‘ತಿಥಿ ಸರಿಹೋಗುವುದಿಲ್ಲ’ ಎಂದು ಷರಾ ಬರೆಯುತ್ತೇವೆ. ತಾಮ್ರಪಟವಾದರೆ ಕೂಟಶಾಸನ ಇರಬಹುದೆಂಬ ಅನುಮಾನಕ್ಕೂ ಅದು ಒಂದು ಕಾರಣವಾಗುತ್ತದೆ. ಈಗ ಈ ಲೆಕ್ಕವನ್ನು ಹೆಚ್ಚಾಗಿ ಕಂಪ್ಯೂಟರಿಗೇ ಬಿಟ್ಟಿದ್ದೇವೆ. ಆದರೆ ಸೂರ್ಯಸಿದ್ಧಾಂತದ ಒಂದೇ ಸೂತ್ರವನ್ನು ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದರೆ ಕೆಲವೊಮ್ಮೆ ಎರಡು ಉತ್ತರ ಬರುತ್ತವೆ. ಆಗ ತಪ್ಪು ಕಲ್ಲಿನದೋ, ಲೆಕ್ಕದ್ದೋ?

ಮೊದಲು ಎರಡೂ ಪ್ರೋಗ್ರಾಂಗಳು ಒಂದೇ ಸಿದ್ಧಾಂತ, ಒಂದೇ ಊರಿನ ಸೂರ್ಯೋದಯ ಬಳಸುತ್ತಿವೆಯೇ ನೋಡಿ. ಆಮೇಲೆ ಕೊನೆಯ ಉತ್ತರ ಬಿಟ್ಟು ನಡುವಿನ ಹಂತಗಳನ್ನು ಅಕ್ಕಪಕ್ಕ ಇಡಿ: ಅಹರ್ಗಣ, ಮಧ್ಯಮ ರವಿ, ಮಧ್ಯಮ ಚಂದ್ರ, ಸ್ಫುಟಗಳು, ತಿಥಿ. ದಶಾಂಶದ ಎಲ್ಲ ಅಂಕಿಗಳನ್ನೂ ಮುದ್ರಿಸಿ. ಮೊದಲು ಬೇರೆಯಾದ ಹಂತವೇ ಮೂಲ. ಎಷ್ಟು ವ್ಯತ್ಯಾಸ ಅನ್ನುವುದೇ ಕಾರಣವನ್ನೂ ಹೇಳುತ್ತದೆ.

ಪೂರ್ತಿ ಒಂದು ದಿನ ತಪ್ಪಿದರೆ

ಜೂಲಿಯನ್ ದಿನಸಂಖ್ಯೆ ಮಧ್ಯಾಹ್ನದಿಂದ ಶುರುವಾಗುತ್ತದೆ. ಹಾಗಾಗಿ ಮಧ್ಯರಾತ್ರಿಯ ಸಂಖ್ಯೆ ಯಾವಾಗಲೂ .5ರಲ್ಲಿ ಮುಗಿಯುತ್ತದೆ. ಉಜ್ಜಯಿನಿಯ ಮಧ್ಯರಾತ್ರಿಗೆ ಹಿಡಿಯುವ ಕಲಿಯುಗಾರಂಭ 588465.5. ಇದನ್ನು ಪೂರ್ಣಾಂಕ ಮಾಡಲು ಪೈಥಾನ್‌ನ ‘ರೌಂಡ್’ ಬಳಸಿದರೆ ಅದು ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ಸರಿಸುತ್ತದೆ. 588465.5 ಆಗುವುದು 588466, ಮರುದಿನದ 588466.5 ಕೂಡ 588466! ಜಾವಾಸ್ಕ್ರಿಪ್ಟ್ 588466, 588467 ಅನ್ನುತ್ತದೆ. ಎರಡು ದಿನಕ್ಕೆ ಒಂದೇ ಸಂಖ್ಯೆ ಬಂದರೆ ಶಾಸನದ ಸೋಮವಾರ ಆದಿವಾರವಾಗಿಬಿಡುತ್ತದೆ. ಪರಿಹಾರ ಸುಲಭ: 0.5 ಕೂಡಿಸಿ, ‘ಫ್ಲೋರ್’ನಿಂದ ಕೆಳಗಿನ ಪೂರ್ಣಾಂಕ ತೆಗೆದುಕೊಳ್ಳಿ.

ಅಸಂಬದ್ಧ ಉತ್ತರ ಬಂದರೆ

ಚಂದ್ರ 5 ಅಂಶದಲ್ಲಿ, ಸೂರ್ಯ 350 ಅಂಶದಲ್ಲಿ ಇದ್ದಾರೆ ಎನ್ನಿ. ಅಂತರ −345. ಇದನ್ನು 360ರಿಂದ ಭಾಗಿಸಿ ಶೇಷ ಕೇಳಿದರೆ ಪೈಥಾನ್ 15 ಕೊಡುತ್ತದೆ. 12 ಅಂಶಕ್ಕೆ ಒಂದು ತಿಥಿಯಾದ್ದರಿಂದ ಅದು ಶುಕ್ಲ ಬಿದಿಗೆ, ಸರಿ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳು −345ನ್ನೇ ಹಿಂತಿರುಗಿಸುತ್ತವೆ. ಫೋರ್ಟ್ರಾನ್‌ನಲ್ಲಿ ‘ಮಾಡ್’ ಒಂದು ರೀತಿ, ‘ಮಾಡ್ಯುಲೋ’ ಇನ್ನೊಂದು ರೀತಿ. ವಾರದ ಲೆಕ್ಕದಲ್ಲೂ ಇದೇ ಕಥೆ. ಎಷ್ಟೋ ತಂತ್ರಾಂಶಗಳು ದಿನ ಎಣಿಸುವುದು 1970ರ ಜನವರಿ 1ರಿಂದ. ನಮ್ಮ ಶಾಸನಗಳೆಲ್ಲ ಸೊನ್ನೆಯ ಆಚೆಗೇ ಬೀಳುತ್ತವೆ. ಶೇಷ ಋಣವಾಗಿದ್ದರೆ ಒಂದು ಸುತ್ತು, ಅಂದರೆ 360 ಅಥವಾ 7, ಕೂಡಿಸಬೇಕು.

ಇನ್ನೊಂದು ಕಾರಣ ಉಕ್ಕಿಹರಿಯುವಿಕೆ. ಸುಮಾರು 15 ಲಕ್ಷದ ಅಹರ್ಗಣವನ್ನು ಚಂದ್ರನ ಮಹಾಯುಗ ಭಗಣ 5,77,53,336ರಿಂದ ಗುಣಿಸಿದರೆ 14 ಅಂಕಿಯ ಸಂಖ್ಯೆ ಬರುತ್ತದೆ. ಪೈಥಾನ್‌ನ ಪೂರ್ಣಾಂಕಕ್ಕೆ ಅದು ಲೆಕ್ಕಕ್ಕಿಲ್ಲ. ಜಾವಾದ 32 ಬಿಟ್ ಪೂರ್ಣಾಂಕ ಮಾತ್ರ ಸದ್ದಿಲ್ಲದೆ ತಪ್ಪು ಸಂಖ್ಯೆ ಕೊಡುತ್ತದೆ.

ಗಂಟೆಗಳ ವ್ಯತ್ಯಾಸ ಇದ್ದರೆ

32 ಬಿಟ್‌ನ ‘ಸಿಂಗಲ್ ಪ್ರಿಸಿಷನ್’ ದಶಾಂಶ ಸಂಖ್ಯೆಯಲ್ಲಿ 24 ಬಿಟ್‌ನಷ್ಟೇ ನಿಖರತೆ ಇರುತ್ತದೆ. ಜೂಲಿಯನ್ ದಿನವನ್ನು ಅದರಲ್ಲಿಟ್ಟರೆ ಕಾಲ 3 ಗಂಟೆಗೊಮ್ಮೆ ಜಿಗಿಯುತ್ತದೆ. 20,97,152ನೇ ದಿನದಿಂದ, ಅಂದರೆ ಕ್ರಿ.ಶ. 1029ರ ಸೆಪ್ಟೆಂಬರಿನಿಂದ, ಈ ಜಿಗಿತ 6 ಗಂಟೆ! ಹೊಯ್ಸಳ, ವಿಜಯನಗರ ಕಾಲದ ಶಾಸನಗಳೆಲ್ಲ ಇದರೊಳಗೇ ಬಂದವು. ತಿಥಿ ಬೆಳಗ್ಗೆ 8:50ಕ್ಕೆ ಮುಗಿಯುವುದಿದ್ದರೆ ಪ್ರೋಗ್ರಾಂ ಅದನ್ನು 6 ಗಂಟೆಗೆ ಎಳೆಯುತ್ತದೆ. ಸೂರ್ಯೋದಯ 6:20 ಆಗಿದ್ದರೆ ಆ ದಿನಕ್ಕೆ ಮುಂದಿನ ತಿಥಿಯ ಹೆಸರು ಬಿತ್ತು. ‘ಡಬಲ್ ಪ್ರಿಸಿಷನ್’ನಲ್ಲಿ ಈ ಜಿಗಿತ ಸೆಕೆಂಡಿನ ಹತ್ತುಸಾವಿರದ ಒಂದು ಭಾಗಕ್ಕಿಂತ ಕಡಿಮೆ.

ನಿಮಿಷಗಳ ವ್ಯತ್ಯಾಸ ಇದ್ದರೆ

ಸ್ಥಿರಾಂಕಗಳನ್ನು ನೋಡಿ. 1,57,79,17,828 ದಿನಗಳನ್ನು 43,20,000 ವರ್ಷಗಳಿಂದ ಭಾಗಿಸಿದರೆ ವರ್ಷಮಾನ 365.2587565. ಹೀಗೇ ಬರೆದರೆ ಸಿ ಅದನ್ನು ಡಬಲ್ ಎಂದು ಓದುತ್ತದೆ, ಫೋರ್ಟ್ರಾನ್ ಸಾಮಾನ್ಯವಾಗಿ ಸಿಂಗಲ್ ಎಂದು. ವರ್ಷಕ್ಕೆ ಆಗುವ ತಪ್ಪು ಅತ್ಯಲ್ಪ. ಕಲಿವರ್ಷ 4200 (ಶಕ 1021) ತಲುಪುವಷ್ಟರಲ್ಲಿ ಸುಮಾರು 12 ನಿಮಿಷ. ಸಂಕ್ರಾಂತಿ ದಿನದ ಅಂಚಿನಲ್ಲಿದ್ದರೆ ಇಷ್ಟು ಸಾಕು. ಸಂಖ್ಯೆಯ ಕೊನೆಗೆ ‘ಡಿ0’ ಸೇರಿಸಿದರೆ ಮುಗಿಯಿತು.

ಕೊನೆಯ ಅಂಕಿಯಷ್ಟೇ ಬೇರೆಯಾದರೆ

ಸೈನ್ ಬೆಲೆಯ ಕೊನೆಯ ಅಂಕಿ ಒಂದೊಂದು ಗಣಿತ ಲೈಬ್ರರಿಯಲ್ಲಿ ಒಂದೊಂದು ಥರ ಇರಬಹುದು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸೂರ್ಯೋದಯವೇ ಅಷ್ಟು ಸೂಕ್ಷ್ಮವಾಗಿ ನಮಗೆ ಗೊತ್ತಿರುವುದಿಲ್ಲ.

ಫಲಿತಾಂಶ ಪ್ರಕಟಿಸುವಾಗ ಬರೀ ತಿಥಿ ಕೊಟ್ಟರೆ ಸಾಲದು. ಅದು ಮುಗಿಯುವ ಹೊತ್ತು, ಬಳಸಿದ ಸಿದ್ಧಾಂತ, ಊರು ಇವನ್ನೂ ಬರೆಯಿರಿ. ಕ್ರಿ.ಶ. 700ರಿಂದ 1799ರವರೆಗಿನ ದಿನಗಳಿಗೆ ಸ್ವಾಮಿಕಣ್ಣು ಪಿಳ್ಳೈ ಅವರು 1922ರಲ್ಲಿ ಪ್ರಕಟಿಸಿದ ‘ಆನ್ ಇಂಡಿಯನ್ ಎಫೆಮೆರಿಸ್’ ಕೋಷ್ಟಕಗಳ ಜೊತೆ ಹತ್ತಾರು ತಿಥಿಗಳನ್ನು ತಾಳೆ ನೋಡಿ. ಅಷ್ಟೆಲ್ಲ ಮಾಡಿದ ಮೇಲೂ ವಾರ ಹೊಂದದಿದ್ದರೆ, ಆಗ ಶಾಸನ ಬರೆದವನನ್ನು ಪ್ರಶ್ನಿಸೋಣ.