ಒಂದು ವಾರದ ಸಂಜೆಗಳಲ್ಲಿ ಬರೆದ ಸುಖದ ಕಥೆ

ಪುಸ್ತಕದ ಅಂಗಡಿಗಳಲ್ಲಿ ಸುಖಜೀವನದ ಕೈಪಿಡಿಗಳಿಗೆಂದೇ ಒಂದು ಕಪಾಟು ಮೀಸಲಿರುತ್ತದೆ. ಏಳು ಸೂತ್ರ, ಹತ್ತು ಮೆಟ್ಟಿಲು ಎಂದು ಮುಖಪುಟದಲ್ಲೇ ಭರವಸೆ ಕೊಡುವ ಈ ಪುಸ್ತಕಗಳ ಲೇಖಕರು ಹಿಂಬದಿಯ ಚಿತ್ರದಲ್ಲಿ ತಪ್ಪದೆ ನಗುತ್ತಿರುತ್ತಾರೆ. ಆದರೆ ಸುಖದ ಹುಡುಕಾಟವನ್ನೇ ವಸ್ತುವಾಗಿಸಿಕೊಂಡು, ಎರಡೂವರೆ ಶತಮಾನ ಕಳೆದ ಮೇಲೂ ಓದುಗರನ್ನು ಉಳಿಸಿಕೊಂಡಿರುವ ಇಂಗ್ಲಿಷ್ ಪುಸ್ತಕವೊಂದು ಹುಟ್ಟಿದ್ದು ಸಾಲ ಮತ್ತು ಸಾವಿನ ನಡುವೆ. ಅದು ಸ್ಯಾಮ್ಯುಯೆಲ್ ಜಾನ್ಸನ್ ಬರೆದ 'ರಾಸೆಲಾಸ್'.

1755ರಲ್ಲಿ ಪ್ರಕಟವಾದ ಇಂಗ್ಲಿಷ್ ನಿಘಂಟು ಜಾನ್ಸನ್‌ಗೆ ದೊಡ್ಡ ಹೆಸರು ತಂದಿತು, ಹಣ ತರಲಿಲ್ಲ. ಮರುವರ್ಷವೇ ಆರು ಪೌಂಡಿಗೂ ಕಡಿಮೆ ಸಾಲಕ್ಕಾಗಿ ಆತ ಬಂಧನಕ್ಕೊಳಗಾದ. ಕಾದಂಬರಿಕಾರ ರಿಚರ್ಡ್‌ಸನ್ ಹಣ ಕೊಟ್ಟು ಬಿಡಿಸಬೇಕಾಯಿತು. 1759ರ ಜನವರಿಯಲ್ಲಿ ಲಿಚ್‌ಫೀಲ್ಡ್‌ನಿಂದ ಸುದ್ದಿ ಬಂತು: ತೀರಿಹೋದ ಗಂಡನ ಪುಸ್ತಕದ ಅಂಗಡಿಯನ್ನು ನಡೆಸಿಕೊಂಡು ಬಂದಿದ್ದ, ತೊಂಬತ್ತರ ಹತ್ತಿರದ ತಾಯಿ ಸಾರಾ ಹಾಸಿಗೆ ಹಿಡಿದಿದ್ದಾಳೆ. ಮಗ ತಾಯಿಯ ಮುಖ ನೋಡಿ ಆಗಲೇ ಸುಮಾರು 19 ವರ್ಷವಾಗಿತ್ತು. ಜನವರಿ 20ರಂದು ಆತ ಲಂಡನ್ನಿನ ಮುದ್ರಕ ವಿಲಿಯಂ ಸ್ಟ್ರಾಹನ್‌ಗೆ ಕಾಗದ ಬರೆದು, ಸಿದ್ಧವಾಗುತ್ತಿದ್ದ ಕಥೆಗೆ ಹಣ ಕೇಳಿದ. ಅದೇ ಹೊತ್ತಿಗೆ ತಾಯಿ ಕಣ್ಣು ಮುಚ್ಚಿದಳು. ಜಾನ್ಸನ್ ಊರು ತಲುಪಲೇ ಇಲ್ಲ.

ತಾಯಿಯ ಅಂತ್ಯಸಂಸ್ಕಾರದ ಖರ್ಚಿಗೆ ಮತ್ತು ಆಕೆ ಬಿಟ್ಟುಹೋದ ಸಣ್ಣಪುಟ್ಟ ಸಾಲಗಳಿಗೆಂದು ಆತ ಈ ಪುಸ್ತಕವನ್ನು ಒಂದೇ ವಾರದ ಸಂಜೆಗಳಲ್ಲಿ ಬರೆದ ಎಂದು ಚರಿತ್ರಕಾರ ಬಾಸ್‌ವೆಲ್ ಹೇಳುತ್ತಾನೆ. ಬರೆದಷ್ಟನ್ನು ಆಗಿಂದಾಗ್ಗೆ ಅಚ್ಚಿಗೆ ಕಳುಹಿಸುತ್ತಿದ್ದನಂತೆ. ಸಿಕ್ಕಿದ್ದು 100 ಪೌಂಡು; ಎರಡನೆಯ ಮುದ್ರಣಕ್ಕೆ ಇನ್ನೂ 25.

ರಾಸೆಲಾಸ್ ಅಬಿಸೀನಿಯದ ರಾಜಕುಮಾರ. ಬೆಟ್ಟಗಳು ಸುತ್ತುವರಿದ 'ಸುಖದ ಕಣಿವೆ'ಯಲ್ಲಿ ಬೇಕೆಂದದ್ದೆಲ್ಲ ಸಿಗುತ್ತದೆ, ಹೊರಗೆ ಹೋಗಲು ಮಾತ್ರ ಅಪ್ಪಣೆಯಿಲ್ಲ. ನಮ್ಮ ಓದುಗರಿಗೆ ಇಲ್ಲಿ ಸಿದ್ಧಾರ್ಥನ ನೆನಪಾಗುವುದು ಸಹಜ. ಆದರೆ ಸಿದ್ಧಾರ್ಥ ಹೊರಟದ್ದು ದುಃಖವನ್ನು ಕಂಡು. ಈತ ಹೊರಡುವುದು ಬಯಸಲು ಏನೂ ಉಳಿದಿಲ್ಲವೆಂಬ ಬೇಸರಕ್ಕೆ. ಕವಿ ಇಮ್ಲಾಕ್, ತಂಗಿ ನೆಕಾಯ ಮತ್ತು ಆಕೆಯ ಸಖಿಯೊಡನೆ ಬೆಟ್ಟ ಕೊರೆದು ಹೊರಬಿದ್ದು ಕೈರೋ ಸೇರುತ್ತಾನೆ. ಯಾವ ಬಾಳು ಸುಖದ್ದೆಂದು ಕುರುಬರಲ್ಲಿ, ಸಿರಿವಂತರಲ್ಲಿ, ಗುಹೆಯ ವಿರಾಗಿಯಲ್ಲಿ ವಿಚಾರಿಸುತ್ತಾನೆ. ಮಳೆ ಬಿಸಿಲುಗಳನ್ನು ತಾನೇ ನಡೆಸುತ್ತಿದ್ದೇನೆಂದು ನಂಬಿದ ಖಗೋಳಜ್ಞನೂ ಎದುರಾಗುತ್ತಾನೆ.

ಇವರಲ್ಲಿ ಮರೆಯಲಾಗದವನು ಒಬ್ಬ ತತ್ವಜ್ಞಾನಿ. ಮನಸ್ಸಿನ ಉದ್ವೇಗಗಳನ್ನು ಗೆದ್ದವನಿಗೆ ದುಃಖವೇ ಇಲ್ಲವೆಂದು ಆತ ಸೊಗಸಾಗಿ ಉಪನ್ಯಾಸ ಮಾಡುತ್ತಾನೆ, ರಾಜಕುಮಾರ ಮಾರುಹೋಗುತ್ತಾನೆ. ಕೆಲವು ದಿನಗಳಲ್ಲಿ ಮತ್ತೆ ಕಾಣಹೋದರೆ ಅರೆಗತ್ತಲ ಕೋಣೆ, ಕಂಗೆಟ್ಟ ಮುಖ. ಹಿಂದಿನ ರಾತ್ರಿ ಅವನ ಒಬ್ಬಳೇ ಮಗಳು ಜ್ವರದಿಂದ ಸತ್ತಿದ್ದಾಳೆ. ರಾಸೆಲಾಸ್ ಅವನದೇ ಬೋಧನೆಯನ್ನು ನೆನಪಿಸುತ್ತಾನೆ. ಮಗಳು ಇನ್ನು ಬರಲಾರಳು ಎನ್ನುವುದರ ಹೊರತು ವಿವೇಕ ತನಗೆ ಬೇರೆ ಏನು ಹೇಳೀತು ಎಂದು ಆತ ಮರುಪ್ರಶ್ನೆ ಹಾಕುತ್ತಾನೆ. ಲೇಖಕನ ಮನೆಯಲ್ಲಿ ಆಗ ನಡೆದಿದ್ದನ್ನು ಬಲ್ಲವರಿಗೆ ಇದು ಬರೀ ವಿಡಂಬನೆಯಾಗಿ ಕಾಣುವುದಿಲ್ಲ.

ಅದೇ 1759ರ ಆರಂಭದಲ್ಲಿ ಫ್ರೆಂಚ್ ಲೇಖಕ ವಾಲ್ಟೇರನ 'ಕಾಂದೀದ್' ಹೊರಬಂದದ್ದು ಒಂದು ಸೋಜಿಗ. ಎಲ್ಲವೂ ಒಳಿತಿಗೇ ಎಂಬ ನಂಬಿಕೆಯನ್ನು ಅದು ಲೇವಡಿ ಮಾಡಿತು. 1755ರ ಲಿಸ್ಬನ್ ಭೂಕಂಪದ ಭಯಾನಕತೆಯೂ ಅದರಲ್ಲಿದೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿರದಿದ್ದರೆ ಒಬ್ಬ ಇನ್ನೊಬ್ಬನನ್ನು ಅನುಕರಿಸಿದನೆಂದು ಜನ ಆಡಿಕೊಳ್ಳುತ್ತಿದ್ದರು. ವಾಲ್ಟೇರ್ ನಗಿಸಿ ಕುಟುಕುತ್ತಾನೆ. ಜಾನ್ಸನ್ ಯಾರನ್ನೂ ಗೇಲಿ ಮಾಡುವುದಿಲ್ಲ. ಕಥೆಯ ಕೊನೆಯಲ್ಲಿ ಎಲ್ಲರೂ ತಮ್ಮ ತಮ್ಮ ಆಸೆಯನ್ನು ಹೇಳಿಕೊಳ್ಳುತ್ತಾರೆ, ಅವು ಕೈಗೂಡವೆಂದೂ ಅರಿಯುತ್ತಾರೆ. ನೈಲ್ ನದಿಯ ನೆರೆ ಇಳಿದ ಮೇಲೆ ಅಬಿಸೀನಿಯಕ್ಕೆ ಮರಳಲು ನಿಶ್ಚಯಿಸುತ್ತಾರೆ. ಕೈಪಿಡಿ ಹುಡುಕಿ ಬಂದವರಿಗೆ ಇದು ನಿರಾಸೆಯೇ ಸರಿ.

ಅಚ್ಚಿಗೆ ಕೊಟ್ಟ ಮೇಲೆ ಜಾನ್ಸನ್ ಈ ಪುಸ್ತಕವನ್ನು ಮತ್ತೆ ತೆರೆದಿರಲಿಲ್ಲ. 1781ರಲ್ಲಿ, 71ರ ವಯಸ್ಸಿನಲ್ಲಿ, ಬಾಸ್‌ವೆಲ್‌ನೊಡನೆ ಗಾಡಿಯಲ್ಲಿ ಹೋಗುತ್ತಿದ್ದಾಗ ಅದರ ಪ್ರತಿಯೊಂದು ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು, ಆತುರದಿಂದ ಓದುತ್ತ ಕುಳಿತ.