ಎಂಜಿನ್ ಮರೆಯದ ಡಬ್ಬಿ

ಎಂಜಿನ್ನಿನ ಹೊಗೆಕೊಳವೆಗೆ ಸರ್ಕಾರ ಒಂದು ಬೆಣೆ ಜಡಿದಿದೆ, ಅದನ್ನು ಕಿತ್ತೆಸೆದರೆ ಗಾಡಿ ಸಲೀಸಾಗಿ ಉಸಿರಾಡುತ್ತದೆ ಎಂಬ ನಂಬಿಕೆ ಅಮೆರಿಕದ ಪಿಕ್‌ಅಪ್ ಟ್ರಕ್ ಮಾಲೀಕರಲ್ಲಿ ಅರ್ಧ ಶತಮಾನದಿಂದ ಬೇರೂರಿದೆ. ಬೆಣೆ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊದಂಥ ಗಾಡಿಗಳಲ್ಲಿ ಎಂಜಿನ್ನಿನ ಎರಡು ಬದಿಯಿಂದ ಇಳಿಯುವ ಕೊಳವೆಗಳಿಗೆ ಒಂದೊಂದು ಕನ್ವರ್ಟರ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಒಟ್ಟು ನಾಲ್ಕು. ಅವನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಖಾಲಿ ಕೊಳವೆ ವೆಲ್ಡ್ ಮಾಡುವುದಕ್ಕೆ ಅಲ್ಲಿನವರು ‘ಕ್ಯಾಟ್ ಡಿಲೀಟ್’ ಅನ್ನುತ್ತಾರೆ. ಆ ಖಾಲಿ ಕೊಳವೆ ಅಂಗಡಿಯಲ್ಲಿ ಸಿಗುವುದು ‘ಟೆಸ್ಟ್ ಪೈಪ್’ ಎಂಬ ಮರ್ಯಾದಸ್ಥ ಹೆಸರಿನಲ್ಲಿ. ಪರೀಕ್ಷೆಗೆಂದು ಹಾಕಿಸಿಕೊಂಡವರ ಪರೀಕ್ಷೆ ಮಾತ್ರ ಗಾಡಿ ಗುಜರಿಗೆ ಹೋಗುವವರೆಗೂ ನಡೆಯುತ್ತದೆ.

ನಂಬಿಕೆ ಹುಟ್ಟಿದ ಕಾಲಕ್ಕೆ ಅದರಲ್ಲಿ ಹುರುಳಿತ್ತು. ಕಾರಿನ ಹೊಗೆಯ ವಿಷಾನಿಲಗಳನ್ನು ಶೇ. 90ರಷ್ಟು ಇಳಿಸಲೇಬೇಕೆಂದು 1970ರ ಶುದ್ಧ ಗಾಳಿ ಕಾಯ್ದೆ ಪಟ್ಟುಹಿಡಿಯಿತು. 1975ರ ಮಾದರಿಯ ಕಾರುಗಳಿಗೆ ಕನ್ವರ್ಟರ್ ಬಂತು. ಸೀಸ ಬೆರೆಸಿದ ಪೆಟ್ರೋಲು ಸುಟ್ಟರೆ ಒಳಗಿನ ಪ್ಲಾಟಿನಂ ಮೇಲೆ ಸೀಸದ ಪದರ ಕೂತು ಅದು ನಿಷ್ಕ್ರಿಯವಾಗುತ್ತದೆ. ಹಾಗಾಗಿ ಸೀಸವಿಲ್ಲದ ಪೆಟ್ರೋಲು ಬೇಕಾಯಿತು. ಅದರ ಆಕ್ಟೇನ್ ಕಡಿಮೆಯಾದ್ದರಿಂದ ಎಂಜಿನ್ನಿನ ಕಂಪ್ರೆಶನ್ ಇಳಿಸಬೇಕಾಯಿತು. ಅಷ್ಟರಲ್ಲಾಗಲೇ ಅಶ್ವಶಕ್ತಿ ಅಳೆಯುವ ವಿಧಾನವೇ ಬದಲಾಗಿ, ಕಾಗದದ ಮೇಲಿನ ಅಂಕಿಯೂ ಕುಸಿದಿತ್ತು. ಸಾಲದ್ದಕ್ಕೆ ಜನರಲ್ ಮೋಟಾರ್ಸ್ ಆಗ ಬಳಸಿದ ಕನ್ವರ್ಟರಿನಲ್ಲಿ ಪುಟ್ಟ ಪುಟ್ಟ ಗುಂಡುಗಳು ತುಂಬಿದ್ದವು, ಹೊಗೆ ಅವುಗಳ ಸಂದಿಯಲ್ಲಿ ನುಸುಳಿ ಸಾಗಬೇಕಿತ್ತು. ವಿ-8 ಎಂಜಿನ್‌ಗಳು ಸೊರಗಿದವು. ಕಾರಣ ನಾಲ್ಕಿದ್ದರೂ ಕಣ್ಣಿಗೆ ಕಾಣುತ್ತಿದ್ದುದು ಗಾಡಿಯಡಿಯ ಡಬ್ಬಿ ಮಾತ್ರ.

ಪಿಕ್‌ಅಪ್‌ಗಳ ಕತೆ ಇನ್ನೂ ಸ್ವಾರಸ್ಯದ್ದು. ಗಾಡಿ ಮತ್ತು ಹೇರು ಸೇರಿ 6,000 ಪೌಂಡ್, ಅಂದರೆ ಸುಮಾರು 2,720 ಕಿಲೋ ದಾಟುವ ಟ್ರಕ್ಕುಗಳಿಗೆ ಆ ಬಿಗಿ ನಿಯಮಗಳಿಂದ ವಿನಾಯಿತಿ ಇತ್ತು. ಫೋರ್ಡ್ ಏನು ಮಾಡಿತು? ಎಫ್-100ಕ್ಕಿಂತ ಒಂದಿಷ್ಟು ಹೆಚ್ಚು ಹೊರುವ, ಲೆಕ್ಕದಲ್ಲಿ ಆ ಗೆರೆಯನ್ನು ಸ್ವಲ್ಪವೇ ದಾಟುವ ಮಾದರಿಯನ್ನು 1975ರಲ್ಲಿ ಇಳಿಸಿತು. ಅದೇ ಎಫ್-150. ಇವತ್ತು ಅಮೆರಿಕದ ಬೀದಿಬೀದಿಯಲ್ಲಿ ಕಾಣುವ ಟ್ರಕ್ಕಿನ ಮೂಲಪುರುಷ ಕನ್ವರ್ಟರ್ ತಪ್ಪಿಸಿಕೊಳ್ಳಲೆಂದೇ ಹುಟ್ಟಿದವನು. ಇದೇ ಸಂದಿಯಲ್ಲಿ ನುಗ್ಗಿದ ಡಾಜ್ ಕಂಪನಿ 1978ರಲ್ಲಿ ‘ಲಿಲ್ ರೆಡ್ ಎಕ್ಸ್‌ಪ್ರೆಸ್’ ಎಂಬ ಕೆಂಪು ಪಿಕ್‌ಅಪ್ ತಂದಿತು. ಲಾರಿಯಂತೆ ಕ್ಯಾಬಿನ್ನಿನ ಹಿಂದೆ ನೆಟ್ಟಗೆ ನಿಂತ ಎರಡು ಕ್ರೋಮ್ ಹೊಗೆಕೊಳವೆ, ಕನ್ವರ್ಟರ್ ಇಲ್ಲ. ಆ ವರ್ಷ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಓಡಿಸಿ ನೋಡಿದ ಅಮೆರಿಕನ್ ಗಾಡಿಗಳಲ್ಲಿ ಗಂಟೆಗೆ 100 ಮೈಲಿ ವೇಗವನ್ನು ಎಲ್ಲಕ್ಕಿಂತ ಬೇಗ ಮುಟ್ಟಿದ್ದು ಈ ಟ್ರಕ್ಕು, ಯಾವ ಸ್ಪೋರ್ಟ್ಸ್ ಕಾರೂ ಅಲ್ಲ. 1979ರಲ್ಲಿ ತೂಕದ ಮಿತಿ 8,500 ಪೌಂಡಿಗೆ ಏರಿತು, ಕೆಂಪು ಟ್ರಕ್ಕಿಗೂ ಕನ್ವರ್ಟರ್ ಬಂತು. ಇಂಥ ಐತಿಹ್ಯ ಕೇಳುತ್ತ ಬೆಳೆದವರು ಗರಗಸ ಹಿಡಿದರೆ ಅಚ್ಚರಿಯೇನಿಲ್ಲ. ಆದರೆ ಅವರು ಇಂದು ಕತ್ತರಿಸುತ್ತಿರುವುದು 1975ರ ಡಬ್ಬಿಯನ್ನಲ್ಲ.

ಇಂದಿನ ಕನ್ವರ್ಟರಿನೊಳಗೆ ಗುಂಡುಗಳಿಲ್ಲ. ಅಲ್ಲಿರುವುದು ಪಿಂಗಾಣಿಯಂಥ ಕಾರ್ಡಿಯರೈಟ್‌ನ ಒಂದೇ ದಿಂಡು. ಅದರ ತುಂಬ ಕಿಂಡಿಗಳು, ಒಂದು ಚದರ ಇಂಚಿನಲ್ಲಿ 400ರ ಆಸುಪಾಸು. ಎಲ್ಲ ಕಿಂಡಿಗಳೂ ಈ ತುದಿಯಿಂದ ಆ ತುದಿಗೆ ನೇರ, ಎದುರಿಗೆ ಹಿಡಿದರೆ ಬೆಳಕು ಹಾಯುತ್ತದೆ. ಕಾರ್ನಿಂಗ್ ಕಂಪನಿಯ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲ್ಯಾಕ್‌ಮನ್, ರೊನಾಲ್ಡ್ ಲೂಯಿಸ್ ಎಪ್ಪತ್ತರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಕಿಂಡಿಗಳ ಗೋಡೆಗೆ ಅಲ್ಯುಮಿನಾ ಲೇಪ. ಈ ಪುಡಿ ಎಷ್ಟು ರಂಧ್ರಮಯವೆಂದರೆ ಒಂದೇ ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹರವಿದರೆ ಬೆಂಗಳೂರಿನ ಒಂದು ಥರ್ಟಿ-ಫಾರ್ಟಿ ಸೈಟು ಮುಚ್ಚಿಹೋದೀತು. ಆ ವಿಸ್ತಾರದ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಅತಿಸೂಕ್ಷ್ಮ ಕಣಗಳನ್ನು ಚೆಲ್ಲಿರುತ್ತಾರೆ, ಒಟ್ಟು ಸೇರಿಸಿದರೆ ಕೆಲವೇ ಗ್ರಾಂ. ಮೊದಲೆರಡು ಲೋಹಗಳು ಅರೆಬೆಂದ ಇಂಧನವನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಪೂರ್ತಿ ಸುಡುತ್ತವೆ. ರೋಡಿಯಂ ತದ್ವಿರುದ್ಧ ಕೆಲಸದ್ದು. ಸಾರಜನಕದ ಆಕ್ಸೈಡುಗಳಿಂದ ಆಮ್ಲಜನಕವನ್ನು ಕಿತ್ತು, ಸಾರಜನಕವನ್ನು ಅದು ಬಂದ ಗಾಳಿಗೇ ಮರಳಿಸುತ್ತದೆ.

ಒಂದೇ ಡಬ್ಬಿಯಲ್ಲಿ ಒಬ್ಬನಿಗೆ ಆಮ್ಲಜನಕ ಕೊಡಬೇಕು, ಇನ್ನೊಬ್ಬನಿಂದ ಕಸಿಯಬೇಕು. ಎರಡೂ ಒಟ್ಟಿಗೆ ನಡೆಯಬೇಕಾದರೆ ಎಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲಿನ ಹದ ಕೂದಲೆಳೆಯಷ್ಟೇ ಅತ್ತಿತ್ತ ಆಗಬಹುದು: ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ. ಹದ ಕಾಯುವುದಕ್ಕೆ ಕನ್ವರ್ಟರಿನ ಮುಂದೆ ಆಕ್ಸಿಜನ್ ಸೆನ್ಸರ್ ಕೂರಿಸಿದರು. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದರೆ ಅದರ ವೋಲ್ಟೇಜು 0.1ರತ್ತ ಇಳಿಯುತ್ತದೆ, ಪೆಟ್ರೋಲು ಹೆಚ್ಚಾದರೆ 0.9ರತ್ತ ಏರುತ್ತದೆ. ಗಾಡಿಯ ಕಂಪ್ಯೂಟರು ಇದನ್ನು ಓದಿ ಪೆಟ್ರೋಲನ್ನು ತುಸು ಹೆಚ್ಚಿಸುತ್ತ, ತುಸು ತಗ್ಗಿಸುತ್ತ ಇರುತ್ತದೆ. ಆ ತೂಗಾಟದಲ್ಲಿ ಹೆಚ್ಚಾದ ಆಮ್ಲಜನಕವನ್ನು ಲೇಪದೊಳಗಿನ ಸೀರಿಯಂ ಆಕ್ಸೈಡ್ ಹಿಡಿದಿಟ್ಟು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ವೋಲ್ವೊ ಕಾರಿನಲ್ಲಿ ಕನ್ವರ್ಟರ್-ಸೆನ್ಸರುಗಳ ಈ ಜೋಡಿ ಮೊದಲು ರಸ್ತೆಗಿಳಿಯಿತು. ಇಂದು ಬಹುತೇಕ ಎಲ್ಲ ಪೆಟ್ರೋಲ್ ಕಾರುಗಳ ಇಂಧನ ವ್ಯವಸ್ಥೆ ನಿಂತಿರುವುದೇ ಈ ಹದದ ಮೇಲೆ. ಎಂಜಿನ್ನಿಗೆ ಸ್ವಂತ ಇಚ್ಛೆಯಿದ್ದಿದ್ದರೆ ಅದು 14.7 ಕೇಳುತ್ತಿರಲಿಲ್ಲ. ಉಳಿತಾಯಕ್ಕೆ ಇನ್ನಷ್ಟು ಗಾಳಿ, ಗರಿಷ್ಠ ಬಲಕ್ಕೆ ಇನ್ನಷ್ಟು ಪೆಟ್ರೋಲು ಕೇಳುತ್ತಿತ್ತು. ಈ ಹದ ಕನ್ವರ್ಟರಿನ ಹಸಿವಿಗೆ ಹೊಂದಿಸಿದ್ದು.

ಡಬ್ಬಿ ಕತ್ತರಿಸಿದವರಿಗೆ ತಿಳಿಯದೇ ಹೋಗುವುದು ಇದೇ. ಡಬ್ಬಿ ಹೋಗುತ್ತದೆ, ಅದನ್ನು ಸಾಕುವ ಕ್ರಮ ಉಳಿಯುತ್ತದೆ. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮೊದಲ ಅರ್ಧ-ಒಂದು ನಿಮಿಷ ಎಂಜಿನ್ ಜೋರಾಗಿ ಸದ್ದುಮಾಡುವುದನ್ನು ಗಮನಿಸಿರಬಹುದು. ಕನ್ವರ್ಟರ್ ಕೆಲಸ ಶುರು ಮಾಡುವುದು ಸುಮಾರು 250-300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ. ಅಲ್ಲಿಯವರೆಗಿನ ಹೊಗೆಯಲ್ಲೇ ಇಡೀ ಪಯಣದ ವಿಷದ ದೊಡ್ಡ ಪಾಲು ಇರುತ್ತದೆ. ಅದಕ್ಕಾಗಿ ಕಂಪ್ಯೂಟರು ಬೇಕೆಂದೇ ಕಿಡಿಯನ್ನು ತಡಮಾಡಿ ಹೊಡೆಯುತ್ತದೆ, ಪೆಟ್ರೋಲಿನ ಶಾಖ ಪಿಸ್ಟನ್ ತಳ್ಳುವ ಬದಲು ಕೊಳವೆಗೆ ಹರಿದು ಕನ್ವರ್ಟರನ್ನು ಕಾಯಿಸಲಿ ಎಂದು. ಕನ್ವರ್ಟರ್ ಕಿತ್ತ ಟ್ರಕ್ಕಿನಲ್ಲೂ ಈ ಶಾಸ್ತ್ರ ದಿನಾ ಬೆಳಗ್ಗೆ ನಡೆಯುತ್ತದೆ, ಇಲ್ಲದ ಡಬ್ಬಿಯನ್ನು ಕಾಯಿಸಲು ಪೆಟ್ರೋಲು ಸುಟ್ಟುಕೊಂಡು.

ಡಬ್ಬಿಯ ಹಿಂದೆ ಇನ್ನೊಂದು ಸೆನ್ಸರ್ ಇದೆ, ಅದು ಕಾವಲುಗಾರ. ಮುಂದಿನ ಸೆನ್ಸರ್ ಏರಿಳಿಯುತ್ತಿರುವಾಗ ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ಕನ್ವರ್ಟರ್ ದುಡಿಯುತ್ತಿದೆ ಎಂದರ್ಥ. ಡಬ್ಬಿ ಹೋದರೆ ಎರಡೂ ಒಂದೇ ತಾಳ ಹಾಕುತ್ತವೆ, ಪಿ0420 ಎಂಬ ಕೋಡು ಬಂದು ‘ಚೆಕ್ ಎಂಜಿನ್’ ದೀಪ ಹತ್ತುತ್ತದೆ. ದೀಪ ಆರಿಸುವ ಉಪಾಯಗಳು ಮಾರಾಟಕ್ಕಿವೆ, ಅವು ಸೆನ್ಸರಿಗೆ ಟೋಪಿ ಹಾಕುವಂಥವು. ಉಪಾಯ ಮಾಡದವರು ಹತ್ತಿದ ದೀಪಕ್ಕೆ ಒಗ್ಗಿಹೋಗುತ್ತಾರೆ. ನಾಳೆ ನಿಜವಾಗಿ ಸಿಲಿಂಡರ್ ಮಿಸ್‌ಫೈರ್ ಆದರೂ ಅವರಿಗದು ಅದೇ ಹಳೇ ದೀಪ.

ಹಾಗಾದರೆ ಬಲ? ಎಂಜಿನ್ ಥ್ರಾಟಲ್ ಪೂರ್ತಿ ತೆರೆದು ಓಡುವಾಗ ಕನ್ವರ್ಟರ್ ಹೊಗೆಯನ್ನು ತಡೆಯುವುದು ನಿಜ. ಆಗ ಕಿತ್ತುಹಾಕಿದ್ದರಿಂದ ಕೆಲವು ಅಶ್ವಶಕ್ತಿ ದಕ್ಕಬಹುದು. ಕಂಪ್ಯೂಟರಿನ ಲೆಕ್ಕವನ್ನೂ ಬದಲಿಸದಿದ್ದರೆ ಅದೂ ಖಾತ್ರಿಯಿಲ್ಲ. ಆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಪಿಕ್‌ಅಪ್ಪಿನ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಎಂಜಿನ್ನಿನ ಮೂಗು ಹಿಡಿದಿರುವುದು ಚಾಲಕನ ಪಾದವೇ. ಒಳಗೆ ಹೋಗುವ ಗಾಳಿಯೇ ಇಷ್ಟಿರುವಾಗ ಹೊರದಾರಿ ಅಗಲಿಸಿ ಪ್ರಯೋಜನವೇನು? ಬದಲಾಗುವುದು ಸದ್ದು. ಜೋರು ಸದ್ದನ್ನು ಬಲವೆಂದು ಕೇಳಿಸಿಕೊಳ್ಳುವ ಕಿವಿ ಅಮೆರಿಕದವರದಷ್ಟೇ ಅಲ್ಲ ಎನ್ನುವುದಕ್ಕೆ ನಮ್ಮೂರ ಬುಲೆಟ್ ಸವಾರರೇ ಸಾಕ್ಷಿ. ಇಂದಿನ ಎಷ್ಟೋ ಬೈಕುಗಳಲ್ಲಿ ಕನ್ವರ್ಟರ್ ಇರುವುದು ಸೈಲೆನ್ಸರಿನ ಒಳಗೇ ಅಥವಾ ಅದಕ್ಕೆ ಸೇರಿದ ಬೆಂಡ್ ಪೈಪಿನಲ್ಲಿ. ಸೈಲೆನ್ಸರ್ ಬದಲಿಸಿದವರಲ್ಲಿ ಎಷ್ಟೋ ಮಂದಿ ತಾವು ಕನ್ವರ್ಟರನ್ನೂ ಬಿಚ್ಚಿಟ್ಟಿದ್ದೇವೆಂದು ಅರಿಯರು. ಪೊಲೀಸರು ಹಿಡಿಯುವುದು ಸದ್ದಿಗಾಗಿ. ಪಿಯುಸಿ ಕೇಂದ್ರದ ಯಂತ್ರವಂತೂ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ.

ಅಮೆರಿಕದ ಕಾನೂನು ಈ ವಿಷಯದಲ್ಲಿ ಸ್ಪಷ್ಟ. ಕನ್ವರ್ಟರ್ ಕೀಳುವುದು ಮೊದಲು ತಯಾರಕರಿಗೆ, ಮಾರಾಟಗಾರರಿಗೆ, ಆಮೇಲೆ ಗ್ಯಾರೇಜುಗಳಿಗೆ ನಿಷಿದ್ಧವಾಯಿತು; 1990ರ ತಿದ್ದುಪಡಿ ಮಾಲೀಕರನ್ನೂ ಸೇರಿಸಿತು. ಜಾರಿ ಮಾತ್ರ ರಾಜ್ಯಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಉಂಟು, ಫ್ಲಾರಿಡಾದಲ್ಲಿ ಇಲ್ಲವೇ ಇಲ್ಲ. ಡೀಸೆಲ್ ಪಿಕ್‌ಅಪ್‌ಗಳಲ್ಲಿ ಕನ್ವರ್ಟರಿನ ಜೊತೆಗೆ ಮಸಿ ಹಿಡಿಯುವ ಫಿಲ್ಟರನ್ನೂ ಕೀಳುವ ಖಯಾಲಿ ಇದೆ, ಕಪ್ಪು ಹೊಗೆ ಉಗುಳಿ ಹಿಂದಿನವರನ್ನು ಕೆಣಕುವ ಮೋಜಿಗೆಂದೇ ಮಾಡುವವರೂ ಇದ್ದಾರೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನಂತೆ ಅದರ ಹಿಂದಿನ ದಶಕದಲ್ಲಿ ಹೀಗೆ ಬದಲಿಸಿದ ಡೀಸೆಲ್ ಪಿಕ್‌ಅಪ್‌ಗಳು 5,50,000ಕ್ಕೂ ಹೆಚ್ಚು. ಅವುಗಳ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಹೊರಬೀಳುವ ಸಾರಜನಕದ ಆಕ್ಸೈಡು 5,70,000 ಟನ್. ಸರಿಯಾಗಿರುವ 90 ಲಕ್ಷ ಡೀಸೆಲ್ ಪಿಕ್‌ಅಪ್‌ಗಳನ್ನು ಹೊಸದಾಗಿ ರಸ್ತೆಗೆ ಬಿಟ್ಟಷ್ಟು.

ಮಾಲೀಕ ಬೇಡವೆಂದದ್ದನ್ನು ಕಳ್ಳ ಬಯಸುತ್ತಾನೆ. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 29,000 ಡಾಲರಿನ ಆಸುಪಾಸಿಗೆ ಏರಿತ್ತು, ಚಿನ್ನದ ಹದಿನೈದು ಪಟ್ಟಿಗೂ ಮೇಲೆ. ಅದರ ಬಹುಪಾಲು ಬರುವುದು ದಕ್ಷಿಣ ಆಫ್ರಿಕದ ಗಣಿಗಳಿಂದ, ಪ್ಲಾಟಿನಂ ತೆಗೆಯುವಾಗ ಜೊತೆಗೆ ಸಿಗುವ ಅಲ್ಪ ಪ್ರಮಾಣದಲ್ಲಿ. ಎತ್ತರಕ್ಕೆ ನಿಂತ ಪಿಕ್‌ಅಪ್ಪಿನಡಿ ಜಾಕ್ ಇಲ್ಲದೆಯೇ ತೂರಬಹುದಾದ್ದರಿಂದ ಕಳ್ಳರಿಗೆ ಅದು ಅಚ್ಚುಮೆಚ್ಚು. ಬ್ಯಾಟರಿ ಗರಗಸಕ್ಕೆ ಒಂದೆರಡು ನಿಮಿಷದ ಕೆಲಸ. ನಮ್ಮ ದೇಶದಲ್ಲಿ ಗುಜರಾತ್, ಮಹಾರಾಷ್ಟ್ರಗಳ ಪೊಲೀಸರು ಹಿಡಿದ ‘ಸೈಲೆನ್ಸರ್ ಕಳ್ಳರು’ ಮಾರುತಿ ಈಕೋ ವ್ಯಾನುಗಳನ್ನೇ ಹುಡುಕಿ ಹೋಗುತ್ತಿದ್ದುದೂ ಒಳಗಿನ ಆ ಪುಡಿಗಾಗಿ.

ಇಷ್ಟಾದರೂ ಕನ್ವರ್ಟರ್ ಬಿಚ್ಚಲೇಬೇಕಾದ ಸಂದರ್ಭವೊಂದುಂಟು: ಕಟ್ಟಿಕೊಂಡಾಗ. ಏರು ಹತ್ತುವಾಗ ಗಾಡಿ ಸೋಲುತ್ತದೆ, ಡಬ್ಬಿ ತಟ್ಟಿದರೆ ಒಳಗೆ ಚೂರುಗಳು ಗಲಗಲ ಅನ್ನುತ್ತವೆ. ಅನುಭವಿ ಮೆಕ್ಯಾನಿಕ್ ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜು ಕೂರಿಸಿ ನೋಡುತ್ತಾನೆ. ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಮುಳ್ಳು 3 ಪಿಎಸ್‌ಐ ದಾಟಿ ಏರಿದರೆ ದಾರಿ ಕಟ್ಟಿದೆ. ಆದರೆ ಕನ್ವರ್ಟರ್ ತಾನಾಗಿ ಹಾಳಾಗುವುದು ಕಡಿಮೆ. ಯಾವುದೋ ಸಿಲಿಂಡರ್ ಮಿಸ್ ಹೊಡೆದು ಉರಿಯದ ಪೆಟ್ರೋಲು ಬಂದು ಕನ್ವರ್ಟರಿನಲ್ಲಿ ಉರಿದು ದಿಂಡನ್ನು ಕರಗಿಸಿರುತ್ತದೆ. ಇಲ್ಲವೇ ಸವೆದ ರಿಂಗುಗಳ ಸಂದಿಯಿಂದ ಸುಟ್ಟ ಆಯಿಲಿನ ರಂಜಕ, ಸತು ಮೇಲೆ ಕೂತಿರುತ್ತವೆ. ಆ ಕಾಯಿಲೆ ವಾಸಿಮಾಡದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಖಾಲಿ ಕೊಳವೆ ಹಾಕಿದರೆ ಕಾಯಿಲೆ ಸದ್ದಿಲ್ಲದೆ ಎಂಜಿನ್ನಿನಲ್ಲೇ ಮುಂದುವರಿಯುತ್ತದೆ. ಹಗುರ ವರ್ಗದ ಟ್ರಕ್ಕುಗಳ ಕನ್ವರ್ಟರಿಗೆ ಅಮೆರಿಕದ ಕಾನೂನು 8 ವರ್ಷ ಅಥವಾ 80,000 ಮೈಲಿಯ ವಾರಂಟಿ ಕಡ್ಡಾಯ ಮಾಡಿದೆ. ಆ ಮಿತಿಯೊಳಗೆ ಕೆಟ್ಟ ಡಬ್ಬಿಯನ್ನು ಕಂಪನಿಯೇ ಬಿಟ್ಟಿಯಾಗಿ ಬದಲಿಸಿಕೊಡಬೇಕು. ಗರಗಸ ಬಿದ್ದ ಡಬ್ಬಿಗೆ ಅದು ಅನ್ವಯಿಸದು.