ಮರಳು ಮೆತ್ತಿದ ಚಿತ್ರ ಯಾರದು?

ಮಳೆಗಾಲದಲ್ಲಿ ಕಾರವಾರದ ಟಾಗೋರ್ ಕಡಲತೀರದಲ್ಲೋ ಅಂಕೋಲೆಯ ಹಾರವಾಡ, ಕೇಣಿಯ ದಂಡೆಯಲ್ಲೋ ನೀವು ನಿಂತಿದ್ದರೆ ಗೊತ್ತಿರುತ್ತದೆ. ಗಾಳಿ ಎದ್ದರೆ ಮರಳು ಕಣ್ಣಿಗೆ, ಕಿವಿಗೆ, ದುಪಟ್ಟಾದ ಮಡಿಕೆಗೆ ಎಲ್ಲೆಡೆ ಸೇರಿಕೊಳ್ಳುತ್ತದೆ. ಮನೆಗೆ ಬಂದು ಎರಡು ಸಲ ಕೊಡವಿದರೂ ಹೋಗುವುದಿಲ್ಲ. 1882ರ ಆಗಸ್ಟ್‌ನಲ್ಲಿ ದೂರದ ಹಾಲೆಂಡಿನ ಸ್ಕೆವೆನಿಂಗನ್ ಎಂಬ ಮೀನುಗಾರರ ಊರಿನ ದಂಡೆಯಲ್ಲಿ, ಅಂಥದ್ದೇ ಗಾಳಿಯ ನಡುವೆ ಒಬ್ಬ ಯುವಕ ಚಿತ್ರ ಬರೆಯಲು ನಿಂತಿದ್ದ. ಹೆಸರು ವಿನ್ಸೆಂಟ್ ವ್ಯಾನ್ ಗೋ. ವಯಸ್ಸು 29.

ಆ ಊರಿಗೆ ಆಗ ಬಂದರು ಇರಲಿಲ್ಲ. ಚಪ್ಪಟೆ ತಳದ ದೋಣಿಗಳನ್ನು ಮರಳಿನ ಮೇಲಕ್ಕೇ ಎಳೆದು ತರುತ್ತಿದ್ದರು. ನಮ್ಮ ಕರಾವಳಿಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ! ಕಪ್ಪು ಮೋಡ, ನೊರೆಯುಕ್ಕಿಸುವ ಅಲೆ, ಒಂದು ದೋಣಿ, ದಂಡೆಯಲ್ಲಿ ಕಾದು ನಿಂತ ಜನ. ಇಷ್ಟೇ ಚಿತ್ರ. ಅಗಲ ಒಂದೂಮುಕ್ಕಾಲು ಅಡಿಯೂ ಇಲ್ಲ. ಹಸಿ ಬಣ್ಣಕ್ಕೆ ಮರಳು ದಪ್ಪಗೆ ಮೆತ್ತಿಕೊಂಡು, ಕೆರೆದು ತೆಗೆದು ಮತ್ತೆ ಬಣ್ಣ ಹಚ್ಚಬೇಕಾಯಿತು ಎಂದು ಆತ ತಮ್ಮ ಥಿಯೋಗೆ ಬರೆದ. ಬಣ್ಣ ಕೊಳ್ಳಲು ಹಣ ಕೊಡುತ್ತಿದ್ದವನೂ ಆ ತಮ್ಮನೇ. ಕೆಲವು ಮರಳಿನ ಕಣಗಳು ಬಣ್ಣದಲ್ಲಿ ಈಗಲೂ ಇವೆ.

ಇಂಥ ಚಿತ್ರಗಳಿಗೆ ಆಗ ಕೊಳ್ಳುವವರಿರಲಿಲ್ಲ. 1886ರಲ್ಲಿ ತಾಯಿ ಬ್ರೆಡಾ ಊರಿಗೆ ಮನೆ ಬದಲಿಸಿದಾಗ, ಮಗ ಬಿಟ್ಟುಹೋಗಿದ್ದ ಚಿತ್ರಗಳ ಪೆಟ್ಟಿಗೆಗಳನ್ನು ಒಬ್ಬ ಬಡಗಿಯಲ್ಲಿ ಇರಿಸಿದರು. ಮುಂದೆ ಅವರು ಆ ಊರನ್ನೂ ಬಿಟ್ಟರು. ಪೆಟ್ಟಿಗೆ ಅಲ್ಲೇ ಉಳಿಯಿತು. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಅವನ್ನು ಕೊಂಡು, ಗಾಡಿಯಲ್ಲಿಟ್ಟು ಬಿಡಿಗಾಸಿಗೆ ಮಾರಿದ. ಆತನ ಆರಂಭದ ಅನೇಕ ಚಿತ್ರಗಳ ಗತಿ ಇದು. ತಾಯಿಯನ್ನು ದೂರುವುದು ಸುಲಭ. ಆದರೆ ಮನೆ ಖಾಲಿ ಮಾಡುವಾಗ ನಾವು ನೀವು ಏನೇನು ಅಟ್ಟದಲ್ಲೇ ಬಿಟ್ಟು ಬಂದಿಲ್ಲ?

ಈ ಕಡಲಿನ ಚಿತ್ರ ಉಳಿದುಕೊಂಡಿತು. ಕೊನೆಗೆ ಅದು ಎಲಿಸಬೆತ್ ರಿಬ್ಬಿಯಸ್ ಪೆಲೆಟಿಯರ್ ಎಂಬ ಮಹಿಳೆಯ ಕೈಯಲ್ಲಿತ್ತು. 1958ರಲ್ಲಿ ಅಲ್ಲಿನ ರಾಜ್ಯ ಪರಿಷತ್ತಿಗೆ ಸೇರಿದ ಮೊದಲ ಮಹಿಳೆ ಆಕೆ. ತನ್ನ ನಂತರ ಚಿತ್ರ ದೇಶಕ್ಕೆ ಸೇರಲಿ ಎಂದು ಉಯಿಲು ಬರೆದರು. 1989ರಲ್ಲಿ ಆಕೆ ತೀರಿಕೊಂಡ ಮೇಲೆ ಚಿತ್ರ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಸೇರಿತು. ಒಬ್ಬರ ಗೋಡೆಯ ಮೇಲಿದ್ದದ್ದು ಎಲ್ಲರದಾಯಿತು.

ಅಲ್ಲಿಗೇ ಮುಗಿಯಲಿಲ್ಲ. 2002ರ ಡಿಸೆಂಬರ್ 7ರ ಬೆಳಗಿನ ಜಾವ ಇಬ್ಬರು ಕಳ್ಳರು ಏಣಿ ಹಾಕಿ ಛಾವಣಿ ಹತ್ತಿ ಒಳನುಗ್ಗಿದರು. ಕೆಲವೇ ನಿಮಿಷಗಳಲ್ಲಿ ಎರಡು ಚಿತ್ರ ಮಾಯ! ಇನ್ನೊಂದು, ತಾಯಿ ಕಾಲು ಮುರಿದು ಮಲಗಿದ್ದಾಗ ಆಕೆಗೆಂದು ಬರೆದ ಚರ್ಚಿನ ಚಿತ್ರ. ಕಳ್ಳರಿಗೆ ಕಲೆಯ ಮೇಲೆ ಪ್ರೀತಿಯೇನೂ ಇರಲಿಲ್ಲ, ಸುಲಭವಾಗಿ ಸಿಕ್ಕಿದ್ದನ್ನು ಎತ್ತಿಕೊಂಡರು. 2004ರಲ್ಲಿ ಅವರಿಗೆ ಶಿಕ್ಷೆಯಾಯಿತು. ಚಿತ್ರಗಳು ಮಾತ್ರ ಸಿಗಲಿಲ್ಲ. ಇಟಲಿಯ ಮಾದಕ ವಸ್ತು ದಂಧೆಯ ಒಬ್ಬ ನಾಯಕ ಅವನ್ನು ಕೊಂಡುಕೊಂಡಿದ್ದ. ಹಣ ಕೊಟ್ಟ, ಚಿತ್ರ ಅವನ ಕೈಗೆ ಬಂತು. ಆದರೆ ಕದ್ದ ಮಾಲಿಗೆ ಕೊಟ್ಟ ಹಣ ಒಡೆತನ ತರುತ್ತದೆಯೇ? ಗೋಡೆಗೆ ತೂಗುಹಾಕಿ ನಾಲ್ಕು ಜನರಿಗೆ ತೋರಿಸುವ ಧೈರ್ಯವೂ ಅವನಿಗಿರಲಿಲ್ಲ. ಹದಿನಾಲ್ಕು ವರ್ಷ ಆ ಕಡಲು ಯಾರ ಕಣ್ಣಿಗೂ ಬೀಳದೆ ಇತ್ತು.

2016ರ ಸೆಪ್ಟೆಂಬರ್‌ನಲ್ಲಿ ನೇಪಲ್ಸ್ ಸಮೀಪದ ಕಾಸ್ಟೆಲ್ಲಮ್ಮಾರೆ ದಿ ಸ್ಟಾಬಿಯಾ ಊರಿನ ಮನೆಯೊಂದರಲ್ಲಿ, ಬಟ್ಟೆ ಸುತ್ತಿಟ್ಟ ಎರಡೂ ಚಿತ್ರಗಳು ಪೊಲೀಸರಿಗೆ ಸಿಕ್ಕವು. ಚೌಕಟ್ಟು ಇರಲಿಲ್ಲ. ಕಡಲಿನ ಚಿತ್ರದ ಕೆಳಗಿನ ಎಡಮೂಲೆಯಲ್ಲಿ ಬಣ್ಣ ಕಿತ್ತುಹೋಗಿತ್ತು. 2017ರ ಮಾರ್ಚ್‌ನಲ್ಲಿ ಅವು ಆಮ್‌ಸ್ಟರ್‌ಡ್ಯಾಮಿಗೆ ಮರಳಿದವು. ತಜ್ಞರು ಆ ಮೂಲೆಯನ್ನು ತುಂಬಿ, ಹಳದಿಗಟ್ಟಿದ ವಾರ್ನಿಶ್ ತೆಗೆದು, 2019ರಲ್ಲಿ ಚಿತ್ರವನ್ನು ಮತ್ತೆ ಜನರ ಮುಂದಿಟ್ಟರು.